ಸೋಮವಾರ ಓಡದ ಗಿರಣಿ

“ಇನ್ನೂ ತಿರುಗ್ತಾ ಇದ್ದು, ನಾಗಪತಿ. ಮುಗಿಯೋ ಲಕ್ಷಣವೇ ಇಲ್ಲೆ!”

ಬೆಂಗಳೂರಿನಿಂದ ಬಂದ ಗಂಗಾಳ ದನಿ ಟ್ರಂಕ್ ಕಾಲಿನ ಗರಗರದಲ್ಲಿ ಮುಳುಗಿ ಎದ್ದು ಕೇಳಿಸಿತು. ಸಿರಸಿಯ ಟೆಲಿಫೋನ್ ಕಚೇರಿಯ ಆ ಇಕ್ಕಟ್ಟಿನ ಕೋಣೆಯಲ್ಲಿ ನಾಗಪತಿ ರಿಸೀವರನ್ನು ಕಿವಿಗೆ ಒತ್ತಿಕೊಂಡು ಬೆವರು ಒರೆಸಿಕೊಂಡ.

ಬಾಗಿಲ ಹತ್ತಿರ ಶಿವಪುತ್ರಪ್ಪ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಫೌಜದಾರಿಕೆಯಿಂದ ನಿವೃತ್ತನಾಗಿದ್ದ, ಖಾಕಿ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದ. ಆದರೆ ಕಾಲಿಗೆ ಯಾರು ಪಿಂಚಣಿ ಕೊಟ್ಟಾರು? ಅವು ಇನ್ನೂ ಗಸ್ತು ತಿರುಗುತ್ತಲೇ ಇದ್ದವು.

ಸಿರಸಿ–ಬನವಾಸಿ ಲೈನಿನ ಕಂಬದ ಮೇಲೆ ಲೈನ್‌ಮನ್ ಚೌಡ ಕರೆಂಟು ಹೊಡೆದು ಸತ್ತದ್ದು ಹಿಂದಿನ ಸೋಮವಾರ. ಲೈನಿಗೆ ಕರೆಂಟು ಬಿಡುವ ಸಿರಸಿಯ ಸ್ವಿಚ್ಚು ತೆಗೆಯದೆ ಅವನನ್ನು ಕಂಬ ಹತ್ತಿಸಿದ ಎಂಬ ಆರೋಪ ಹೊತ್ತವನು ಈ ಕಿರಿಯ ಇಂಜಿನಿಯರ್ ನಾಗಪತಿ. ನಾಳೆ ಬೆಳಿಗ್ಗೆ ವಿಚಾರಣೆ. ಬಾಯಿಮಾತು ಬಿಟ್ಟರೆ ಅವನ ಕೈಯಲ್ಲಿ ಏನೂ ಇಲ್ಲದೆ ಹೋದರೆ, ಸಂಜೆಗೆ ಕೋಳ ಬೀಳುವುದೇ ಸೈ.

“ಸ್ವಿಚ್ಚು ನಾನೇ ತೆಗೆದೆ. ಬೆಳಗಿನಿಂದ ಕತ್ತಲಾಗುವವರೆಗೆ ಅದರ ಹತ್ತಿರದಿಂದ ಕದಲಲಿಲ್ಲ,” ಎಂಬುದು ನಾಗಪತಿಯ ಒಂದೇ ಮಾತು.

ಇಲಾಖೆಯವರದೂ ಒಂದೇ ಮಾತು. ಆ ಮುಸ್ಸಂಜೆ ಲೈನಿನುದ್ದಕ್ಕೂ ಊರೂರಲ್ಲಿ ದೀಪ ಹತ್ತಿದ್ದನ್ನು ಜನ ಕಂಡಿದ್ದಾರೆ. ಸಿರಸಿಯಿಂದ ಬಿಡದೆ ಕರೆಂಟು ಆಕಾಶದಿಂದ ಇಳಿಯಿತೇ?

ಆಕಾಶದಿಂದ ಇಳಿದಿರಲಿಲ್ಲ. ಆದರೆ ಸಿರಸಿಯಿಂದಲೂ ಬಂದಿರಲಿಲ್ಲ. ಅದನ್ನು ಶಿವಪುತ್ರಪ್ಪ ಊರೂರು ಸುತ್ತಿ ತಿಳಿದುಕೊಂಡಿದ್ದ. ನಾಗಪತಿ ಕೊಟ್ಟ ಬ್ಯಾಟರಿ ಪೆಟ್ಟಿಗೆಗೆ ಒಂದು ಬಲ್ಬು, ಒಂದು ತಿರುಗಣೆ. ಅದನ್ನು ಜಗುಲಿ ಜಗುಲಿಗೆ ಹೊತ್ತು, ಬೆಳಕನ್ನು ಹೆಚ್ಚು ಕಡಿಮೆ ಮಾಡಿ ತೋರಿಸುತ್ತ, “ಅವತ್ತಿನ ದೀಪ ಇಷ್ಟಿತ್ತೇನ್ರಿ? ಇದಕ್ಕಿಂತ ಸಣ್ಣಗಿತ್ತೇನ್ರಿ?” ಎಂದು ಕೇಳಿದ್ದ. ಕೆಲವರು ಇವನಿಗೆ ತಲೆ ಕೆಟ್ಟಿದೆ ಎಂದರು. ಕೆಲವರು ಬಲ್ಬು ಮಾರುವವನೆಂದು ದರ ಕೇಳಿದರು.

ಉತ್ತರ ಮಾತ್ರ ಎಲ್ಲ ಕಡೆ ಚೊಕ್ಕವಾಗಿ ಸಿಕ್ಕಿತು. ಯಾವತ್ತೂ ಸಿರಸಿಗೆ ಹತ್ತಿರದ ಇಸಳೂರಿನಲ್ಲಿ ದೀಪ ಜೋರು, ದೂರದ ಬನವಾಸಿ ಕಡೆ ಮಂಕು. ಆ ಸಂಜೆ ಅದು ತಿರುಗಾಮುರುಗಾ. ಇಸಳೂರಿನಲ್ಲಿ ಬಲ್ಬಿನೊಳಗಿನ ತಂತಿ ಬರೀ ಕೆಂಪಗೆ ಕಂಡಿತ್ತು, ಬನವಾಸಿ ಕಡೆ ಬೆಳಕು ಚೆನ್ನಾಗಿತ್ತು. ಅಂದರೆ ಕರೆಂಟು ಬಾಲದ ಕಡೆಯಿಂದ ತಲೆಯ ಕಡೆಗೆ ಹರಿದಿತ್ತು. ಆ ಕಡೆ ಯಾರೋ ಡೀಸೆಲ್ ಎಂಜಿನ್ ಹಚ್ಚಿ, ಸತ್ತ ಲೈನಿಗೆ ಜೀವ ಕೊಟ್ಟು, ಕಂಬದ ಮೇಲಿದ್ದ ಚೌಡನ ಜೀವ ತೆಗೆದಿದ್ದರು.

ಯಾರು? ಆ ಕಡೆ ಕರೆಂಟು ಹುಟ್ಟಿಸುವ ಎಂಜಿನ್ ಇದ್ದವು ಎರಡೇ. ಅಂದಾನಪ್ಪನ ಕಟ್ಟಿಗೆ ಕೊರೆಯುವ ಮಿಲ್ಲು ಒಂದು, ಬನವಾಸಿಯ ಟೆಂಟ್ ಸಿನಿಮಾ ಇನ್ನೊಂದು. ಹಾಗೆಂದು ಪಟ್ಟು ಹಿಡಿದು ಹೇಳಿದವನು ಶಿವಪುತ್ರಪ್ಪನೇ.

ಲೈನು ನಡುವೆ ಮೂರು ಕವಲಾಗಿ ಒಡೆಯುತ್ತದೆ. ಎಲ್ಲಿ ಎಂಜಿನ್ ಇಟ್ಟರೆ ಯಾವ ಊರ ದೀಪ ಎಷ್ಟು ಮಂಕಾಗುತ್ತದೆಂದು ಕೈಯಲ್ಲಿ ಲೆಕ್ಕ ಹಾಕುತ್ತ ಕೂತರೆ ಗಡ್ಡ ನೆರೆಯುತ್ತದೆ. ಬೆಂಗಳೂರಿನ ಒಂದು ಕಾಲೇಜಿಗೆ ಕಂಪ್ಯೂಟರು ಬಂದಿತ್ತು, ಇಲಾಖೆಯ ಲೈನಿನ ಲೆಕ್ಕವೂ ಅದರಲ್ಲೇ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುವವರಲ್ಲಿ ಹೆಗಡೆಕಟ್ಟಾದ ಗಂಗಾ ಒಬ್ಬಳು, ನಾಗಪತಿಯ ಜೊತೆಗೆ ಓದಿದವಳು. ಇವತ್ತು, ಭಾನುವಾರ ಬೆಳಿಗ್ಗೆ, ಒಂದು ತಾಸು ಯಂತ್ರವನ್ನು ಬಿಟ್ಟುಕೊಡಿಸಿದ್ದಳು. ಆ ತಾಸಿನಲ್ಲಿ ಅರ್ಧ, ಮೊದಲ ಲೆಕ್ಕದಲ್ಲೇ ಕರಗಿಹೋಗಿತ್ತು.

“ಏನ್ ನಾಗಪತಿ, ಅಷ್ಟು ದೊಡ್ಡ ಯಂತ್ರಕ್ಕ ಇಷ್ಟು ಸಣ್ಣ ಲೆಕ್ಕ ಬಗಿಹರೀವಲ್ದೇನು?” ಶಿವಪುತ್ರಪ್ಪ ಗದರಿದ. “ಒಳಗ ಏನ್ ಮಾಡ್ತದ ಅದು, ನಿದ್ದಿ?”

“ತಿರುಗ್ತದೆ, ಫೌಜದಾರ್ರೆ. ಒಂದೊಂದೇ ಊರಿಗೆ ಹೋಗ್ತದೆ. ಅಕ್ಕಪಕ್ಕದ ಊರಲ್ಲಿ ದೀಪ ಎಷ್ಟಿದೆ ನೋಡಿ ಈ ಊರಿನದ್ದು ತಿದ್ದತದೆ. ಮುಂದಿನ ಊರಿಗೆ ಹೋಗ್ತದೆ. ತಿದ್ದೋದು ಎಂತದ್ದೂ ಉಳೀಲಿಲ್ಲ ಅನ್ನೋವರೆಗೆ ಸುತ್ತು ಹೊಡೀತದೆ.”

“ಯಾವ ಊರು ಮೊದಲು, ಯಾವುದು ಆಮೇಲೆ?”

“ಇಲಾಖೆಯ ನಂಬರಿನ ಪ್ರಕಾರ. ಯಾವ ಊರಿಗೆ ಮೊದಲು ಕರೆಂಟು ಬಂತೋ ಅದು ಮೊದಲು. ಬನವಾಸಿ ಆದ ಮೇಲೆ ಇಸಳೂರು, ಅಲ್ಲಿಂದ ಮತ್ತೆ ಆ ತುದಿಯ ದಾಸನಕೊಪ್ಪ...”

“ಅಯ್ಯ ನಿಮ್ಮ! ಹಿಂಗ ಗಸ್ತು ತಿರುಗಿದ್ರ ನನ್ನ ಪೊಲೀಸಪ್ಪನ ಪಟ್ಟಾ ಬಿಚ್ಚಿಸ್ತಿದ್ದೆ.”

ನಾಗಪತಿ ನಗಲಿಲ್ಲ. “ನಾನೂ ಹೋದ ವರ್ಷ ಅದನ್ನೇ ಹೇಳಿದ್ದೆ. ಊರಿಗೊಂದು ತೂತು ಕೊರೆದ ಕಾರ್ಡು, ಅವನ್ನು ಲೈನಿನ ದಾರಿ ಹಿಡಿದು ಜೋಡಿಸಿ, ಎಂಜಿನ್ ಇದ್ದ ಊರಿಂದ ಶುರು ಮಾಡಿ, ಸಾಲಾಗಿ ಹೋಗಿ. ಮೊದಲ ಊರಲ್ಲಿ ತಿದ್ದಿದ್ದು ಅದೇ ಸುತ್ತಿನಲ್ಲಿ ಕಡೇ ಊರಿಗೆ ಮುಟ್ಟತದೆ. ಇನ್ನೂ ಒಂದು ಉಂಟು. ಒಂದು ಲೆಕ್ಕ ಮುಗಿದ ಮೇಲೆ ಮುಂದಿನದ್ದನ್ನ ಸೊನ್ನೆಯಿಂದ ಶುರು ಮಾಡೋದು ಬೇಡ, ಹಿಂದಿನ ಉತ್ತರದಿಂದಲೇ ಹೊರಟರೆ ಸಾಕು. ಎಂಜಿನ್ ಜಾಗ ಮಾತ್ರ ಬದಲಾಗ್ತದೆ, ಊರು ಅವೇ ಅಲ್ದಾ?”

“ಮತ್ತ ಯಾಕ ಮಾಡಲಿಲ್ಲ?”

“ಬೇಗ ಬಂದ ಲೆಕ್ಕ ತಪ್ಪು ಲೆಕ್ಕ ಅಂದ್ರು ದೊಡ್ಡ ಸಾಹೇಬ್ರು. ಇಲಾಖೆಯ ಕಾರ್ಡು ಮುಟ್ಟಬೇಡ ಅಂದ್ರು.”

“ಉತ್ತರ ಬ್ಯಾರೆ ಬರ್ತದೇನು?”

“ಇಲ್ಲ ಮಾರಾಯ್ರೆ! ಉತ್ತರ ಅದೇ. ನಡೆಯೋ ದಾರಿ ಕಡಿಮೆ, ಅಷ್ಟೇ.”

ಶಿವಪುತ್ರಪ್ಪ ಒಂದು ಹೆಜ್ಜೆ ಮುಂದಿಟ್ಟ. “ಕೇಳಿಲ್ಲಿ. ಕಳ್ಳನ್ನ ಹುಡುಕೋದು ಒಳದಾರಿಯಿಂದ, ಕೋರ್ಟಿಗೆ ಕರಕೊಂಡು ಹೋಗೋದು ರಾಜಬೀದಿಯಿಂದ. ಈಗ ನಿನ್ನ ದಾರಿಯಿಂದ ಹುಡುಕು. ಸಿಕ್ಕದ್ದನ್ನ ನಾಳೆ ಅವರ ದಾರಿಯಿಂದ ಎಷ್ಟು ಹೊತ್ತರ ಹಿಡೀಲಿ, ತಾಳೆ ನೋಡಿಕೊಳ್ಳಲಿ. ಹೇಳು ಆಕೀಗೆ.”

ನಾಗಪತಿ ಫೋನಿನಲ್ಲಿ ಊರುಗಳ ಹೆಸರನ್ನು ಒಂದೊಂದಾಗಿ, ದಾರಿಯ ಸಾಲಿನಲ್ಲಿ ಹೇಳತೊಡಗಿದ. ಆ ತುದಿಯಲ್ಲಿ ಗಂಗಾ ತೂತು ಕೊರೆದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಮತ್ತೆ ಜೋಡಿಸುವ ಸಪ್ಪಳ ಕೇಳುತ್ತಿತ್ತು. “ಆತು, ಹಾಕ್ತೆ,” ಎಂದಳು. ಕರೆ ಕಡಿಯಿತು.

ಕಾಯುವುದೆಂದರೆ ಶಿವಪುತ್ರಪ್ಪನಿಗೆ ಹಲ್ಲುನೋವು. ಹೊರಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡ. ಅಗಿಯದೆ ಉಗಿದ. ಒಳಗೆ ಬಂದ. ಮತ್ತೆ ಹೊರಗೆ ಹೋದ. ಚೌಡನ ಹೆಂಡತಿ ಸುಬ್ಬಿ ಅವನ ಕಣ್ಣ ಮುಂದೆ ನಿಂತಂತಾಗುತ್ತಿತ್ತು. “ಆ ನಾಗಪತಿ ಸಾಯ್ಬ್ರೇ ಕೊಂದ್ರು ನಮ್ಮನೆಯವ್ರನ್ನ. ನೀವು ಹಿಡ್ದು ಒಪ್ಪಿಸಿ,” ಎಂದು ಅತ್ತಿದ್ದಳು. “ಕೊಂದವರನ್ನ ಹಿಡೀತೀನಿ, ಅದು ಯಾರರ ಇರಲಿ,” ಎಂದು ಅವನು ಮಾತು ಕೊಟ್ಟಿದ್ದ. ಯಾರರ ಇರಲಿ ಎಂಬುದು ಬಾಯಿಂದ ಸಲೀಸಾಗಿ ಬಂದಿತ್ತು.

ಫೋನು ಬಡಿದುಕೊಂಡಿತು. ಇಷ್ಟು ಬೇಗ! ನಾಗಪತಿ ರಿಸೀವರನ್ನು ಬಾಚಿಕೊಂಡ.

“ಮುಗತ್ತು! ಎರಡೂ ಮುಗತ್ತು!” ಗಂಗಾ ಕೂಗಿ ಹೇಳುತ್ತಿದ್ದುದು ಶಿವಪುತ್ರಪ್ಪನಿಗೂ ಕೇಳಿತು. “ಆದ್ರೆ ನಾಗಪತಿ, ಎರಡೂ ತಾಳೆ ಆಗ್ತಿಲ್ಲೆ. ಕಟ್ಟಿಗೆ ಮಿಲ್ಲು ಅಂತೂ ಅಲ್ಲವೇ ಅಲ್ಲ. ಟೆಂಟಿನದ್ದು ಬನವಾಸಿಗೆ ಸರಿ ಹೋಗ್ತು, ದಾಸನಕೊಪ್ಪಕ್ಕೆ ಪೂರಾ ತಪ್ತು. ಇನ್ನೂ ಹೊತ್ತು ಇದ್ದು. ಬೇರೆ ಎಲ್ಲಾದ್ರೂ ಎಂಜಿನ್ ಇದ್ದಾ?”

ನಾಗಪತಿ ಶಿವಪುತ್ರಪ್ಪನ ಮುಖ ನೋಡಲಿಲ್ಲ. ರಿಸೀವರನ್ನು ಹಿಡಿದುಕೊಂಡು ನೆಲ ನೋಡುತ್ತ ನಿಂತ.

ಇತ್ತು. ಇನ್ನೊಂದು ಎಂಜಿನ್ ಇತ್ತು. ದಾಸನಕೊಪ್ಪದ ಹತ್ತಿರ, ನೀಲಗಂಗವ್ವನ ಅಕ್ಕಿ ಗಿರಣಿಯಲ್ಲಿ. ನೀಲಗಂಗವ್ವ ಶಿವಪುತ್ರಪ್ಪನ ಒಡಹುಟ್ಟಿದ ತಂಗಿ. ಗಂಡ ಸತ್ತ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು.

ಅದನ್ನು ಅವನು ಮುಚ್ಚಿಟ್ಟಿರಲಿಲ್ಲ, ಬಿಟ್ಟಿದ್ದ. ಬಿಡಲು ಕಾರಣವೂ ಇತ್ತು. ಚೌಡ ಸತ್ತದ್ದು ಸೋಮವಾರ. ಸೋಮವಾರ ಬಸವಣ್ಣನ ವಾರ, ಅವರ ಕಡೆ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನೊಗ ಇಡದಿದ್ದರೆ ಬಂಡಿ ಹೊರಡುವುದಿಲ್ಲ, ಬಂಡಿ ಹೊರಡದಿದ್ದರೆ ಗಿರಣಿಗೆ ಭತ್ತ ಬರುವುದಿಲ್ಲ. ಮಾವನ ಕಾಲದಿಂದ ಆ ಗಿರಣಿ ಸೋಮವಾರ ಓಡಿದ್ದೇ ಇಲ್ಲ. ಬಲ್ಬಿನ ಪೆಟ್ಟಿಗೆ ಹೊತ್ತು ಹೋದಾಗ ತಂಗಿಯನ್ನೂ ಕೇಳಿದ್ದ. “ಸೋಮವಾರ ಗಿರಣಿ ಓಡಸ್ತೀವೇನೋ ಅಣ್ಣಾ? ಏನ್ ಕೇಳ್ತಿ!” ಎಂದು ನಕ್ಕಿದ್ದಳು. ಅವಳು ಸುಳ್ಳು ಹೇಳುವ ಹೆಂಗಸಲ್ಲ.

“ಹಲೋ? ನಾಗಪತಿ? ಇದ್ಯಾ?” ಎಂದು ಗಂಗಾ ಕೂಗುತ್ತಿದ್ದಳು.

ಶಿವಪುತ್ರಪ್ಪನಿಗೆ ಹೆದರಿಕೆಯಾಯಿತು. ದರೋಡೆಕೋರರ ಬೆನ್ನು ಹತ್ತಿ ಕಾಡಿಗೆ ನುಗ್ಗಿದಾಗಲೂ ಇಂಥ ಹೆದರಿಕೆ ಅವನಿಗೆ ಆಗಿರಲಿಲ್ಲ. ಬೇಡ ಎಂದರೆ ಮುಗಿಯಿತು. ಯಂತ್ರದ ಹೊತ್ತು ತೀರಿಹೋಗುತ್ತದೆ. ನಾಗಪತಿ ಬಾಯಿ ಬಿಟ್ಟು ಕೇಳಲಾರ. ನಾಳೆ ಈ ಹುಡುಗ ಜೈಲಿಗೆ ಹೋಗುತ್ತಾನೆ, ತಂಗಿಯ ಗಿರಣಿ ಮಂಗಳವಾರದಿಂದ ಎಂದಿನಂತೆ ಓಡುತ್ತದೆ.

“ನೀಲಗಂಗವ್ವನ ಗಿರಣೀದು ಹಾಕ್ಸು,” ಎಂದ. ದನಿ ಅವನದೇ ಎಂದು ಅವನಿಗೇ ಅನಿಸಲಿಲ್ಲ.

“ಫೌಜದಾರ್ರೆ, ಅದು ನಿಮ್ಮ...”

“ಹಾಕ್ಸು ಅಂದೆ!”

ಗಿರಣಿಯ ಹೆಸರು ಹೇಳುತ್ತಲೇ ಆ ತುದಿಯಿಂದ ಗಂಗಾ, “ಓ, ಅದಾ? ಅದರ ಕಾರ್ಡು ಕೊರೆದು ಕಟ್ಟಿನಲ್ಲೇ ಇದ್ದಲಾ. ಅಡ್ಡಿಲ್ಲೆ, ಈಗ ಆಗೋಗ್ತು,” ಎಂದಳು. ಈ ಸಲ ಕರೆ ಕಡಿಯಲೂ ಇಲ್ಲ. ಯಂತ್ರದ ಟಕಟಕ ಸದ್ದು ಗರಗರದ ನಡುವೆ ಕೇಳುತ್ತ ಕೇಳುತ್ತ ನಿಂತುಹೋಯಿತು.

ಗಂಗಾ ಒಂದೊಂದೇ ಊರು ಓದಿದಳು. ನಾಗಪತಿ ಬರೆದುಕೊಂಡ. ಇಸಳೂರು ಸರಿ. ಬನವಾಸಿ ಸರಿ. ದಾಸನಕೊಪ್ಪ ಸರಿ. ತಪ್ಪು ಎಂದು ಒಂದಾದರೂ ಬರಲಿ ಎಂದು ಶಿವಪುತ್ರಪ್ಪ ಮನಸ್ಸಿನಲ್ಲೇ ಬಸವಣ್ಣನಿಗೆ ಹರಕೆ ಹೊತ್ತ. ಬರಲಿಲ್ಲ. ಎಲ್ಲ ಊರೂ ತಾಳೆಯಾದವು.

ನಾಗಪತಿಯ ಕಣ್ಣಲ್ಲಿ ನೀರು ತುಂಬಿತ್ತು. “ಬದುಕಿದೆ, ಫೌಜದಾರ್ರೆ,” ಎಂದ.

ಶಿವಪುತ್ರಪ್ಪ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. “ನಡಿ, ಬಸ್ಸಿಗೆ ಹೊತ್ತಾತು,” ಎಂದ.

*

ಗಿರಣಿಯ ಅಂಗಳದಲ್ಲಿ ಬಂಡಿಗಳು ಸಾಲಾಗಿ ನಿಂತಿದ್ದವು. ಊಟದ ಹೊತ್ತಾದ್ದರಿಂದ ಯಂತ್ರ ನಿಂತಿತ್ತು. ಗಿರಣಿಯಲ್ಲಿ ಕೂಲಿಗಿದ್ದ ಸುಬ್ಬಿ ಇನ್ನೂ ನಾಲ್ಕು ಹೆಂಗಸರ ಜೊತೆ ಚಪ್ಪರದಡಿ ತೌಡು ಜರಡಿ ಹಿಡಿಯುತ್ತಿದ್ದಳು. ಗಂಡ ಸತ್ತು ವಾರ ಕಳೆದಿಲ್ಲ, ಆದರೆ ಹೊಟ್ಟೆ ಕೇಳುತ್ತದೆಯೇ? ನಾಗಪತಿಯನ್ನು ಕಂಡು ಜರಡಿ ನಿಲ್ಲಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು.

“ನೀನು ಎಂಜಿನ್ ಮನಿಯೊಳಗ ತಂತಿ ಹೆಂಗ ಐತಿ ನೋಡು. ನೋಡು ಅಷ್ಟ, ಕೈ ಹಚ್ಚಬ್ಯಾಡ,” ಎಂದು ನಾಗಪತಿಯನ್ನು ಅತ್ತ ಕಳಿಸಿ ಶಿವಪುತ್ರಪ್ಪ ತಂಗಿಯ ಕೋಣೆಗೆ ಹೋದ.

ನೀಲಗಂಗವ್ವ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. “ಬಾ ಅಣ್ಣಾ, ಸರಿಹೊತ್ತಿಗೆ ಬಂದಿ. ಕೂಡು, ಉಣ್ಣು.”

“ಉಣ್ಣಾಕ ಬಂದಿಲ್ಲ, ನೀಲವ್ವ. ಹೋದ ಸೋಮವಾರ ನಿನ್ನ ಎಂಜಿನ್ ಹಚ್ಚಿದ್ದಿ.”

“ಗಿರಣಿ ಓಡಿಲ್ಲ ಅಂತ ಅವತ್ತ ಹೇಳಿನಲ್ಲ.”

“ಗಿರಣಿ ಕೇಳಲಿಲ್ಲ. ಎಂಜಿನ್ ಕೇಳೀನಿ.”

“ಎಂಜಿನ್ ಯಾವ ಸೋಮವಾರ ಹಚ್ಚಂಗಿಲ್ಲ?” ಅವಳು ಆಶ್ಚರ್ಯದಿಂದಲೇ ಕೇಳಿದಳು. “ಎತ್ತಿಗೆ ಮೈ ತೊಳದು ಇಬತ್ತಿ ಹಚ್ಚಂಗಿಲ್ಲೇನು ಸೋಮವಾರ? ನಮ್ಮ ಮಾವನವರು ಎಂಜಿನ್ನಿಗೂ ಅದ ನೇಮ ಹಾಕ್ಯಾರ. ಇದೂ ನಮಗ ದುಡಿಯೋ ಎತ್ತ ಅಲ್ಲೇನು? ತೊಳೀತೀನಿ, ಇಬತ್ತಿ ಹಚ್ಚತೀನಿ. ದೀಪ ಹಚ್ಚೋ ಹೊತ್ತಿಗೆ ಚಾಲೂ ಮಾಡಿ, ಅದರ ಕರೆಂಟಿನಾಗ ಬಸವಣ್ಣನ ಪಟದ ಮುಂದ ಒಂದು ಬಲ್ಬ ಹಚ್ಚತೀನಿ. ಆರತಿ ಆದ ಕೂಡಲೇ ಬಂದ್. ಒಂದು ಕಾಳು ಭತ್ತ ಹಾಕಂಗಿಲ್ಲ. ಅದಕ್ಕ ಗಿರಣಿ ಓಡಿತು ಅಂತಾರೇನು?”

ಶಿವಪುತ್ರಪ್ಪ ತಲೆಗೆ ಕೈ ಹೊತ್ತು ಅಲ್ಲೇ ಚೀಲದ ಮೇಲೆ ಕುಸಿದು ಕೂತ. ಅವಳು ಸುಳ್ಳು ಹೇಳಿರಲಿಲ್ಲ. ಅವನೂ ಸರಿಯಾಗಿಯೇ ಕೇಳಿದ್ದ. ದೇವರ ಕೆಲಸವನ್ನು ಯಾರೂ ಕೆಲಸದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ. ನಿವೃತ್ತಿಯವರೆಗೂ ಪೊಲೀಸರಲ್ಲಿ ದುಡಿದವನಿಗೆ ತನ್ನ ಮನೆಯ ನೇಮವೇ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

“ಯಾಕೋ ಅಣ್ಣಾ? ಏನಾತು?”

“ಆ ಕರೆಂಟು ನಿನ್ನ ಬಲ್ಬಿಗಷ್ಟ ಹೋಗಲಿಲ್ಲವ್ವ. ಲೈನಿಗೆ ಹೋತು. ಚೌಡ ಕಂಬದ ಮ್ಯಾಲಿದ್ದ.”

ನೀಲಗಂಗವ್ವನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಅಣ್ಣನ ಎದುರು ಗಂಡ ಸತ್ತ ದಿನವೂ ಗಟ್ಟಿಯಾಗಿ ಅಳದವಳು, ಈಗ ಎರಡೂ ಕೈಯಿಂದ ಎದೆ ಎದೆ ಬಡಿದುಕೊಂಡಳು.

“ನನ್ನ ದೀಪಕ್ಕ... ನನ್ನ ಆರತಿಗೆ... ಯಪ್ಪಾ, ಬಸವಣ್ಣಾ!”

“ನೀಲವ್ವ, ಕೇಳಿಲ್ಲಿ. ಎಂಜಿನ್ ಕರೆಂಟು ಲೈನಿಗೆ ಹೋಗಬಾರದು ಅಂತ ಗ್ವಾಡಿಗೆ ಒಂದು ಹಿಡಿಕಿ ಇತ್ತಲ್ಲ? ಆ ಕಡೆ ಒತ್ತಿದ್ರ ಲೈನು, ಈ ಕಡೆ ಒತ್ತಿದ್ರ ಎಂಜಿನ್. ಅದು ಏನಾತು?”

“ಅದು ಮುರದು ಹದಿನೈದು ದಿನಾತು.” ಅವಳು ಬಿಕ್ಕುತ್ತ ಹೇಳಿದಳು. “ಚೌಡ ತಾನೇ ಬಂದು ತಂತಿ ಸೀದಾ ಕೂಡಿಸಿದ. ‘ಹೊಸಾದು ಬರೋಮಟಾ ಹಿಂಗಿರಲಿ ಅವ್ವಾರ, ಆದ್ರ ಎಂಜಿನ್ ಹಚ್ಚೋಕಿಂತ ಮೊದಲು ನನಗ ಹೇಳಿ ಕಳಸ್ರಿ, ಕಂಬದ ಮ್ಯಾಲಿನ ಫ್ಯೂಸ್ ತಗದುಕೊಡ್ತೀನಿ’ ಅಂದಿದ್ದ. ನಾನು ಮರತಿಲ್ಲ ಅಣ್ಣಾ! ಆಣಿ ಮಾಡಿ ಹೇಳ್ತೀನಿ, ಸೋಮವಾರ ಮುಂಜಾನೆ ಹೇಳಿ ಕಳಿಸಿದ್ದೆ. ‘ಫ್ಯೂಸ್ ತಗದೈತಿ, ಹಚ್ಚಾಕ ಹೇಳು’ ಅಂತ ತಿರುಗಿ ಮಾತು ಬಂತು. ಅದಕ್ಕ ಹಚ್ಚಿದೆ.”

ಶಿವಪುತ್ರಪ್ಪ ಎದ್ದು ನಿಂತ. ಫ್ಯೂಸ್ ತೆಗೆದಿದ್ದರೆ ಕರೆಂಟು ಲೈನಿಗೆ ಹೋಗುತ್ತಲೇ ಇರಲಿಲ್ಲ. ಸತ್ತವನು ತನ್ನ ಸಾವಿಗೆ ತಾನೇ ಸುಳ್ಳು ಹೇಳಿ ಕಳಿಸುತ್ತಾನೆಯೇ?

“ಮಾತು ಒಯ್ದವರು ಯಾರು? ತಂದವರು ಯಾರು?”

ನೀಲಗಂಗವ್ವ ಬಾಗಿಲ ಕಡೆ ನೋಡಿದಳು. ಕಣ್ಣೀರು ಒರೆಸಿಕೊಂಡು ಹೊರಗೆ ಕೂಗಿದಳು. “ಸುಬ್ಬೀ! ಇಲ್ಲಿ ಬಾರವಾ ಒಂದೀಟು.”

ಸುಬ್ಬಿ ತೌಡಿನ ಕೈ ಕೊಡವುತ್ತ ಬಂದು ಬಾಗಿಲಲ್ಲಿ ನಿಂತಳು. ಅವಳನ್ನು ನೋಡುತ್ತಲೇ ನೀಲಗಂಗವ್ವನಿಗೆ ಮತ್ತೆ ದುಃಖ ಉಕ್ಕಿ ಬಂತು, ಗೋಡೆಗೆ ಒರಗಿದಳು. ಕೇಳಬೇಕಾದವನು ಶಿವಪುತ್ರಪ್ಪನೇ ಆದ.

“ಸುಬ್ಬೀ, ಸೋಮವಾರ ಅವ್ವಾರು ನಿನ್ನ ಗಂಡಗ ಹೇಳಿ ಕಳಿಸಿದ ಮಾತು, ಫ್ಯೂಸಿಂದು. ಅದಕ್ಕ ಚೌಡ ಏನಂದ? ಇದ್ದದ್ದ ಇದ್ದಂಗ ಹೇಳು.”

ಸುಬ್ಬಿ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲ.

“ನಾ ಅವ್ರ ಹತ್ರ ಹೋಗಲೇ ಇಲ್ಲ, ಫೌಜದಾರ್ರೆ. ಅಲ್ಲೀವರೆಗೆ ಹೋಗಿದ್ರೆ ಕಡೇ ಸಲ ಮುಖನಾದ್ರೂ ನೋಡ್ತಿದ್ದೆ.” ಅವಳು ಕೈಯ ತೌಡನ್ನು ಸೆರಗಿಗೆ ಒರೆಸಿಕೊಂಡಳು. “ದಾರೀಲಿ ಸಿಕ್ಕಿ, ಎಲ್ಲಿಗೆ ಹೊರಟೆ ಅಂತ ಕೇಳಿದ್ರು. ಹಿಂಗಿಂಗೆ ಅಂದೆ. ‘ಫ್ಯೂಸ್ ನಾನೇ ತೆಗ್ಸಿದ್ದೇನೆ, ಹೋಗಿ ಹಚ್ಚೂಕೆ ಹೇಳು’ ಅಂದ್ರು. ದೊಡ್ಡೋರು ಹೇಳಿದ ಮೇಲೆ ಎಂತಕ್ಕೆ ಬಿಸಿಲಲ್ಲಿ ಹೋಗೋದು ಅಂತ ತಿರುಗಿ ಬಂದೆ.”

“ಯಾರು? ಯಾರು ಸಿಕ್ಕಿದ್ರು?”

“ಆ ನಾಗಪತಿ ಸಾಯ್ಬ್ರು. ಸೈಕಲ್ ಮೇಲೆ ಬನವಾಸಿ ಕಡಿಂದ ಬರ್ತಾ ಇದ್ರು.”

ಬೆಳಗಿನಿಂದ ಕತ್ತಲಾಗುವವರೆಗೆ ಸಿರಸಿಯ ಸ್ವಿಚ್ಚಿನ ಹತ್ತಿರದಿಂದ ಕದಲದವನು ಈ ದಾರಿಯಲ್ಲಿ ಸೈಕಲ್ ತುಳಿಯುವುದು ಹೇಗೆ? ಕೇಳುವ ಮೊದಲೇ ಗಿರಣಿಯ ಕಾರ್ಡು ಗಂಗಾಳ ಕಟ್ಟಿನಲ್ಲಿದ್ದದ್ದು ಶಿವಪುತ್ರಪ್ಪನಿಗೆ ಈಗ ಹೊಳೆಯಿತು, ಹಾಗಾದರೆ ನಾಗಪತಿಗೆ ಮೊದಲೇ ಗೊತ್ತಿತ್ತೇ? ಇಲ್ಲ, ಸುಬ್ಬಿ ಸುಳ್ಳು ಹೇಳುತ್ತಿದ್ದಾಳೆಯೇ? ಹೇಳಲು ಅವಳಿಗೆ ಕಾರಣ ಇತ್ತು. ನಾಗಪತಿ ಹಾಳಾಗಲಿ ಎಂದು ಊರೆಲ್ಲ ಕೇಳುವಂತೆ ಮಣ್ಣು ತೂರಿ ಶಾಪ ಹಾಕಿದವಳು. ಆದರೆ ತಾನೇ ಹೊತ್ತು ತಂದ ಮಾತು ಗಂಡನನ್ನು ಕೊಂದಿತು ಎಂದು ತಿಳಿದ ಹೆಂಗಸು ಹೀಗೆ ನಿಂತು ಮಾತಾಡುತ್ತಾಳೆಯೇ?

“ಇದನ್ನ ಮೊದಲ ಯಾಕ ಹೇಳಲಿಲ್ಲ?”

“ನೀವು ಕೇಳಲೇ ಇಲ್ಲಲ್ಲ. ಎಂಜಿನ್ನಿನ ಮಾತಿಗೂ ನಮ್ಮನೆಯವ್ರ ಸಾವಿಗೂ ಎಂತ ಸಂಬಂಧ?” ಎಂದಳು ಸುಬ್ಬಿ. ಹಾಗೆ ಹೇಳುತ್ತ ಹೇಳುತ್ತ ನೀಲಗಂಗವ್ವನ ಅಳುವನ್ನು ಕಂಡಳು, ನೆಲದ ಮೇಲೆ ಬಿದ್ದ ರೊಟ್ಟಿಯನ್ನು ಕಂಡಳು. ಅವಳ ಮುಖದ ಬಣ್ಣ ಇಳಿಯತೊಡಗಿತು. “ಅವ್ವಾ? ಎಂತ ಸಂಬಂಧ, ಅವ್ವಾ?”

ಉತ್ತರ ಹೇಳಲು ಶಿವಪುತ್ರಪ್ಪ ಅಲ್ಲಿ ನಿಲ್ಲಲಿಲ್ಲ. ಸೀದಾ ಕೂಡಿಸಿದ ಆ ತಂತಿ ಎಂಜಿನ್ ಮನೆಯ ಗೋಡೆಯ ಮೇಲಿತ್ತು. ನಾಳೆ ವಿಚಾರಣೆಯವರು ಕಣ್ಣಾರೆ ನೋಡಬಹುದಾದ ಸಾಕ್ಷಿ ಅದೊಂದೇ. ಅದು ಉಳಿದರೆ ಫ್ಯೂಸಿನ ಮಾತು ಏಳುತ್ತದೆ, ಆ ಮಾತು ತಂದವಳ ಬಾಯಿಂದ ನಾಗಪತಿಯ ಹೆಸರು ಬರುತ್ತದೆ. ಅದರ ಹತ್ತಿರಕ್ಕೆ ನಾಗಪತಿಯನ್ನು ಕಳಿಸಿದವನು ತಾನೇ!

ಅಂಗಳ ದಾಟಿ ಓಡಿದ. ಎತ್ತುಗಳು ಬೆದರಿ ಕತ್ತೆತ್ತಿದವು. ಎಂಜಿನ್ ಮನೆಯ ಬಾಗಿಲು ಮುಚ್ಚಿತ್ತು. ದೂಡಿದ. ಒಳಗಿನಿಂದ ಅಗಳಿ ಹಾಕಿತ್ತು.

“ನಾಗಪತೀ! ಬಾಗಿಲಾ ತಗೀ!”

ಒಳಗೆ ಏನೋ ಕಬ್ಬಿಣದ್ದು ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ನಾಗಪತಿಯ ದನಿ ಬಾಗಿಲಿಗೆ ತೀರ ಹತ್ತಿರದಿಂದ, ಸಮಾಧಾನವಾಗಿ ಕೇಳಿತು.

“ಸುಬ್ಬಿ ಎಂತ ಹೇಳಿದ್ಲು, ಫೌಜದಾರ್ರೆ?”